ಅಡುಗೆಮನೆಯ ಗೋಡೆಗೆ ಒಂದು ಹೊದಿಕೆ

ಗೋಡೆಯ ಗಾರೆ ಕಳಚಿ ಪಳನಿಸಾಮಿಯ ತಟ್ಟೆಗೆ ಬಿದ್ದದ್ದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಅಂಗೈಯಗಲದ ಚಕ್ಕೆ, ನೆಟ್ಟಗೆ ಸಾರಿನೊಳಗೇ ಬಿತ್ತು. ಅವನು ಅದನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕಿಟ್ಟು, ಏನೂ ಆಗದವನಂತೆ ಮುಂದಿನ ತುತ್ತು ಕಲಸಿದ. ಅಷ್ಟರಲ್ಲಿ ಗೋಡೆಯಾಚೆ ಒಂದು ಮಗ್ಗ ನಿಂತಿತು. ಅವನು ತುತ್ತನ್ನು ತಟ್ಟೆಗೆ ಹಾಕಿ, ಎಂಜಲು ಕೈಯಲ್ಲೇ ಎದ್ದು ಓಡಿದ. ಗಾರೆ ಬಿದ್ದರೆ ಏಳದ ಗಂಡಸು ನೂಲು ಹರಿದರೆ ಏಳುತ್ತಾನಲ್ಲ ಎಂದು ಕಣ್ಣಮ್ಮ ಸೌಟು ಹಿಡಿದು ನಿಂತಳು. ಗೋಡೆಗೆ ಏನಾದರೂ ಮಾಡಿಸಲೇಬೇಕು ಎಂದು ಅವಳು ತೀರ್ಮಾನಿಸಿದ್ದು ಆಗಲೇ.

ತಮಿಳುನಾಡಿನ ಪಲ್ಲಡಂನಿಂದ ಒಳಕ್ಕೆ ಒಂದು ಮೈಲಿ ಹೋದರೆ ಸಿಗುವ ಆ ಮನೆಯಲ್ಲಿ ಅಡುಗೆಮನೆಗೂ ಪವರ್‌ಲೂಮಿನ ಶೆಡ್ಡಿಗೂ ಒಂದೇ ಗೋಡೆ. ಪಳನಿಸಾಮಿಯ ಅಪ್ಪ ಇಟ್ಟಿಗೆ ಉಳಿಸಲು ಮಾಡಿದ ಜಾಣತನ ಅದು. ಅತ್ತ ಎಂಟು ಮಗ್ಗ ಹೊಡೆದುಕೊಳ್ಳುತ್ತಿದ್ದರೆ ಇತ್ತ ಸ್ಟ್ಯಾಂಡಿನ ಮೇಲಿನ ಲೋಟಗಳು ತಾವಾಗಿಯೇ ತುದಿಗೆ ನಡೆದು ಬಂದು ಕೆಳಗೆ ಹಾರುತ್ತಿದ್ದವು. ಮನೆಯಲ್ಲಿ ಯಾರೂ ಮಾತಾಡುತ್ತಿರಲಿಲ್ಲ, ಕೂಗುತ್ತಿದ್ದರು. ಮಗಳು ಧರಣಿ ಮದುವೆಯಾಗಿ ಕೊಯಮತ್ತೂರಿನ ಅಪಾರ್ಟ್‌ಮೆಂಟಿಗೆ ಹೋದಮೇಲೆ, ಕಣ್ಣಮ್ಮ ಅಲ್ಲಿ ಮಗಳ ಕಿವಿಯಲ್ಲಿ ಬೀಗಿತ್ತಿಯ ಬಗ್ಗೆ ಒಂದು ಗುಟ್ಟು ಹೇಳಿದ್ದಳು. ಅದು ಮೇಲಿನ ಮಹಡಿಯವರಿಗೂ ಕೇಳಿ ದೊಡ್ಡ ರಾದ್ಧಾಂತವಾಗಿತ್ತು.

ಆದರೆ ಅವಳ ಸಂಕಟ ಲೋಟದ್ದಲ್ಲ. ಮದುವೆಯಾಗಿ ಈ ಮನೆಗೆ ಬಂದ ದಿನದಿಂದ ಗಂಡ ಒಂದು ಹೊತ್ತಿನ ಊಟವನ್ನು ಕೂತ ಜಾಗದಲ್ಲಿ ಮುಗಿಸಿದ್ದನ್ನು ಅವಳು ಕಂಡಿಲ್ಲ. ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ನೆಲದ ಮೇಲೆ ಕೂರುತ್ತಾನೆ. ಬಾಯಿ ಅನ್ನಕ್ಕೆ, ಕಿವಿ ಶೆಡ್ಡಿಗೆ. ಯಾವ ಮಗ್ಗದಲ್ಲಿ ಹೊಕ್ಕಿನ ನೂಲು ಹರಿಯಿತು, ಯಾವುದರಲ್ಲಿ ಲಾಳಿ ಸಿಕ್ಕಿಕೊಂಡಿತು ಎಂದು ಕೂತಲ್ಲೇ ಹೇಳಿಬಿಡುತ್ತಾನೆ. ಹೆಂಡತಿ ಬೆನ್ನ ಹಿಂದೆ ನಿಂತು ಏನು ಹೇಳಿದಳು ಎಂಬುದನ್ನು ಮಾತ್ರ ಹೇಳಲಾರ. ಕರೆಂಟು ಹೋದರೆ ಬೀದಿಗೆ ನಡೆದು, ಅಲ್ಲಿ ಸೇರಿದ ಮಗ್ಗದವರ ಜೊತೆ ಕೈ ಬೀಸಿ ವಿದ್ಯುತ್ ಇಲಾಖೆಯನ್ನು ಬೈಯುತ್ತಾನೆ. ಮಗ್ಗಕ್ಕೆ ರಜೆಯ ದಿನ ನೂಲಿನವರನ್ನು ನೋಡಿ ಬಂದು ಮಲಗುತ್ತಾನೆ. ಕಣ್ಣಮ್ಮನಿಗೆ ಬೇಕಾದದ್ದು ಇಷ್ಟೇ: ಒಂದು ಹೊತ್ತು ಅವನು ಎದ್ದುಹೋಗದೆ ಉಣ್ಣಬೇಕು, ಅವಳು ಆಡಿದ್ದಕ್ಕೆ ‘ಹೂಂ’ ಎನ್ನುವುದನ್ನು ಬಿಟ್ಟು ಇನ್ನೊಂದು ಮಾತು ಆಡಬೇಕು. ಇದನ್ನು ಬಾಯಿಬಿಟ್ಟು ಕೇಳಲು ಅವಳಿಗೆ ನಾಚಿಕೆ, ಕೇಳದೆ ಇರಲು ಸಿಟ್ಟು.

ಸದ್ದು ತಡೆಯುವ ಗೋಡೆ ಮಾಡಿಸೋಣ ಎಂದರೆ ಅವನು ಖಂಡಿತ ಒಪ್ಪುವವನಲ್ಲ. ಆ ಸದ್ದೇ ಅವನ ಮೇಸ್ತ್ರಿ. ಅದಕ್ಕೆ ಕಣ್ಣಮ್ಮ ಸೆಕೆಯ, ಅವಳ ಮಾತಲ್ಲಿ ‘ಸೂಡಿನ’, ನೆಪ ಹೂಡಿದಳು. ನೆಪದಲ್ಲಿ ಸುಳ್ಳೂ ಇರಲಿಲ್ಲ. ಶೆಡ್ಡಿನ ತಗಡಿನ ಕಾವು ಕುಡಿದ ಗೋಡೆ ಸಂಜೆಯವರೆಗೂ ಹಪ್ಪಳ ಸುಡುವಷ್ಟು ಕಾದಿರುತ್ತಿತ್ತು.

“ಏನುಂಗ, ಗಾರೆ ಹೆಂಗೂ ಬಿದ್ದದೆ. ರಿಪೇರಿ ಮಾಡ್ಸೋವಾಗ್ಲೇ ಸೂಡು ತಡೆಯೋ ಹಂಗೆ ಒಳಗಡೆ ಏನಾರ ಹಾಕ್ಸಿಬಿಡಾಣ,” ಎಂದು ಅವನ ಮುಖದೆದುರು ನಿಂತು ಕೂಗಿದಳು.

ಪಳನಿಸಾಮಿ ಅವಳನ್ನು ಒಂದು ಗಳಿಗೆ ನೋಡಿದ. “ಸೆರಿ, ಮಾಡ್ಸು,” ಎಂದ. ಒಂದು ಬಲ್ಬು ಬದಲಿಸಲು ತಿಂಗಳು ಯೋಚಿಸುವವನು ಇಷ್ಟು ಬೇಗ ಒಪ್ಪಿದ್ದು ಕಂಡು ಕಣ್ಣಮ್ಮನಿಗೆ ಅನುಮಾನವೇ ಬಂತು. ಸಾರಿನ ಗಾರೆ ಬುದ್ಧಿ ಕಲಿಸಿರಬೇಕು ಎಂದುಕೊಂಡಳು.

ಮರುದಿನವೇ ಅವಳು ಕೊಯಮತ್ತೂರಿಗೆ ಹೋಗಿ, ಮಗಳನ್ನು ಕರೆದುಕೊಂಡು ಗೋಡೆಯ ಸಾಮಾನು ಮಾರುವ ಒಂದು ಅಂಗಡಿಗೆ ನುಗ್ಗಿದಳು. ಅಲ್ಲಿದ್ದ ಇಂದುಜಾ ಎಂಬ ಹುಡುಗಿ ಮೊದಲ ಮಾತಿಗೇ ಎರಡು ಹೆಜ್ಜೆ ಹಿಂದೆ ಸರಿದಳು, ಕಣ್ಣಮ್ಮನ ಗಂಟಲು ಹಾಗಿತ್ತು. ಆಮೇಲೆ ಸುಧಾರಿಸಿಕೊಂಡು ತಮಿಳಿನಲ್ಲಿ ನಿಧಾನವಾಗಿ ತಿಳಿಸಿದಳು. ಕಾವು ತಡೆಯುವುದೇ ಬೇರೆ, ಸದ್ದು ತಡೆಯುವುದೇ ಬೇರೆ. ಥರ್ಮಾಕೋಲಿನಂಥ ಹಗುರ ಸಾಮಾನು ಕಾವನ್ನು ನಿಲ್ಲಿಸುತ್ತದೆ, ಆದರೆ ಸದ್ದಿಗೆ ಅದು ಲೆಕ್ಕಕ್ಕಿಲ್ಲ. ಸದ್ದು ನಿಲ್ಲಬೇಕಾದರೆ ಹಳೆಯ ಗೋಡೆಗೆ ತಾಗದಂತೆ ಮುಂದೆ ಒಂದು ಚೌಕಟ್ಟು ನಿಲ್ಲಿಸಿ, ಅದರೊಳಗೆ ಕಲ್ಲು ಕರಗಿಸಿ ನೂತ ರಾಕ್‌ವೂಲ್ ತುಂಬಿ, ಮೇಲೆ ಭಾರದ ಜಿಪ್ಸಮ್ ಬೋರ್ಡನ್ನು ಎರಡು ಪದರ ಹೊಡೆಯಬೇಕು. ಅದು ಕಾವನ್ನೂ ತಡೆಯುತ್ತದೆ. ಎಲ್ಲೂ ಒಂದು ಬಿರುಕು ಬಿಡಬಾರದು, ಬಿಟ್ಟರೆ ಹಾಕಿದ್ದೆಲ್ಲ ದಂಡ. ಇಷ್ಟು ಹೇಳಿ ಅವಳು ಹಾಡುತ್ತಿದ್ದ ಫೋನನ್ನು ಮೊದಲು ಥರ್ಮಾಕೋಲಿನ ಡಬ್ಬಿಯಲ್ಲಿಟ್ಟಳು; ಹಾಡು ಸಲೀಸಾಗಿ ಹೊರಗೆ ಬಂತು. ರಾಕ್‌ವೂಲ್ ತುಂಬಿದ ಇನ್ನೊಂದು ಡಬ್ಬಿಯಲ್ಲಿಟ್ಟಳು, ಹಾಡುಗಾರನ ಕತ್ತು ಹಿಚುಕಿದ ಹಾಗಾಯಿತು. ಕಣ್ಣಮ್ಮ ಆ ಡಬ್ಬಿಯನ್ನು ದೇವರ ಪ್ರಸಾದ ನೋಡುವ ಹಾಗೆ ನೋಡಿದಳು.

ಇನ್ನು ಉಳಿದದ್ದು ಒಂದೇ ಕೆಲಸ: ಸೆಕೆಯ ಹೆಸರು ಹೇಳಿಕೊಂಡೇ ಗಂಡನನ್ನು ರಾಕ್‌ವೂಲಿನವರೆಗೆ ನಡೆಸಿಕೊಂಡು ಹೋಗುವುದು. ಅದು ಸುಲಭವಿರಲಿಲ್ಲ. ಅವಳು ಮನೆಗೆ ಬರುವಷ್ಟರಲ್ಲಿ ಸುದ್ದಿ ಹಬ್ಬಿ ಊರಲ್ಲಿ ಎಲ್ಲರೂ ಎಂಜಿನಿಯರುಗಳಾಗಿದ್ದರು.

ಮೊದಲು ಬಂದವನು ಪಕ್ಕದ ಕೋಳಿ ಫಾರಂನ ರಂಗಸಾಮಿ. ಕೊಯಮತ್ತೂರಿನ ಉಕ್ಕಡಂ ಮೀನು ಮಾರ್ಕೆಟ್ಟಿನಿಂದ ಒಂದು ಥರ್ಮಾಕೋಲಿನ ಪೆಟ್ಟಿಗೆಯನ್ನೇ ಸ್ಯಾಂಪಲ್ಲಾಗಿ ಹೊತ್ತು ತಂದಿದ್ದ. “ಐಸು ಹಾಕಿ ಬಸ್ಸಲ್ಲಿ ತಂದೆ, ಕಣ್ಣಮ್ಮಕ್ಕ. ಪಲ್ಲಡಂ ಬರೋಗಂಟ ಒಂದ್ ಚೊಟ್ಟು ಕರಗಿಲ್ಲ. ನಿಮ್ಮ ಗೋಡೆ ಸೂಡು ಯಾವ ಮೂಲೆಗೆ?” ಎಂದ. ಪಳನಿಸಾಮಿ ಪೆಟ್ಟಿಗೆಯನ್ನು ತಟ್ಟಿ ನೋಡಿ ತಲೆ ತೂಗಿದ. ಕಣ್ಣಮ್ಮ ತನ್ನ ಫೋನನ್ನು ಪೆಟ್ಟಿಗೆಯೊಳಗೆ ತುರುಕಿ, ಪಳನಿಸಾಮಿಯ ಫೋನಿನಿಂದ ಕರೆ ಮಾಡಿದಳು. ಒಳಗೆ ಸುಪ್ರಭಾತ ಗಣಗಣ ಮೊಳಗಿತು. ಇಂದುಜಾ ಹೇಳಿದ್ದು ನಿಜ.

“ಏನು ಮಾಡ್ತಾ ಇದ್ದೀರಕ್ಕ?” ಎಂದ ರಂಗಸಾಮಿ.

“ವಾಸನೆ ನೋಡ್ತಾ ಇದ್ದೆ,” ಎಂದಳು ಕಣ್ಣಮ್ಮ. “ನಮ್ಮ ಅಡುಗೆಮನೆ ಸಾಳೆಮೀನು ನಾತ ಹೊಡೀತದೆ. ಅಪ್ಪುರಂ ಅದನ್ನ ಕಡಿಯೋಕೆ ಇಲಿ ಬೇರೆ. ನಿನ್ನ ಕೋಳಿಗೇ ಹಾಕ್ಸು, ಅವು ಏನೂ ಹೇಳಲ್ಲ.”

ರಂಗಸಾಮಿ ಮುನಿಸಿಕೊಂಡು ಪೆಟ್ಟಿಗೆ ಹೊತ್ತುಕೊಂಡು ಹೋದ. ಅದರ ಮರುದಿನ ಆನೈಮಲೈಯಿಂದ ಅವಳ ಸ್ವಂತ ತಮ್ಮ ತಿರುಮೂರ್ತಿ ಇಳಿದ. ತೆಂಗಿನ ನಾರಿನ ವ್ಯಾಪಾರ ಅವನದು. ನಾರನ್ನು ಒತ್ತಿ ಮಾಡಿದ ಹಲಗೆಗಳನ್ನು ಟೆಂಪೋದಲ್ಲಿ ಹೇರಿಕೊಂಡೇ ಬಂದಿದ್ದ. ಅವು ಯಾವುದೋ ದೇಶಕ್ಕೆ ಹೋಗಬೇಕಾಗಿದ್ದು, ಅಲ್ಲಿಯವರು ಬೇಡವೆಂದು ಬಿಟ್ಟ ಮಾಲು ಎಂಬುದು ಅಂಚು ನೋಡಿದರೇ ತಿಳಿಯುತ್ತಿತ್ತು.

“ತೆಂಗಿನಕಾಯಿ ಒಳಗೆ ನೀರು ಹೆಂಗೆ ತಣ್ಣಗಿರ್ತದೆ, ಭಾವ? ನಾರಿರೋದ್ರಿಂದ ತಾನೆ?” ಎಂದು ಅವನು ಪಳನಿಸಾಮಿಯ ಎದುರು ಕೈ ತಿರುಗಿಸಿದ. ಪಳನಿಸಾಮಿಗೆ ಇದು ಬಹಳ ದೊಡ್ಡ ವಿಚಾರವಾಗಿ ಕಂಡಿತು.

“ಮೂರ್ತಿ, ನಿನ್ನ ಬೂಸಲು ಹಿಡಿದ ಹಲಗೆ ನನ್ನ ತಲೆಗೆ ಕಟ್ಟಬೇಡ,” ಎಂದಳು ಕಣ್ಣಮ್ಮ. “ಕಟ್ಟಿದೆ ಅನ್ನು, ನಿಮ್ಮೂರಿಗೇ ಬಂದು, ಮಾಸಾಣಿ ಅಮ್ಮನ ಗುಡೀಲಿ ನಿನ್ನ ಹೆಸರಿಗೇ ಮೆಣಸಿನಕಾಯಿ ಅರೆದು ಹಚ್ತೀನಿ.”

ಕಳ್ಳರಿಗೂ ಮೋಸಗಾರರಿಗೂ ಆ ಅಮ್ಮ ಏನು ಮಾಡುತ್ತಾಳೆಂಬುದು ಅವಳ ಊರಿನವನಿಗೆ ಬೇರೆಯವರು ಹೇಳಬೇಕಾಗಿರಲಿಲ್ಲ. ತಿರುಮೂರ್ತಿ ಊಟ ಮಾಡಿ ಹಲಗೆಗಳನ್ನು ವಾಪಸು ಹೇರಿಕೊಂಡು ಹೋದ.

ಮೂರನೆಯ ಅಪಾಯ ಪಳನಿಸಾಮಿಯ ತಲೆಯಲ್ಲೇ ಹುಟ್ಟಿತು. ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಕತ್ತರಿಸಿ ಬಿಸಾಡಿದ ಬಟ್ಟೆಚೂರು ಮೂಟೆಗಟ್ಟಲೆ ಸಿಗುತ್ತದೆ. ಅದನ್ನೇ ಗೋಡೆಗೂ ಹಲಗೆಗೂ ನಡುವೆ ಜಡಿದುಬಿಟ್ಟರೆ? ದಿಂಬಿಗೆ ತುಂಬುವುದಿಲ್ಲವೇ? ಪುಕ್ಕಟೆ ಸಿಗುವುದನ್ನು ಬಿಟ್ಟು ಅಂಗಡಿಗೆ ಹೋಗುವವನು ಮಗ್ಗದವನೇ ಅಲ್ಲ ಎಂಬುದು ಅವನ ವಾದ. ಈ ಸಲ ಕಣ್ಣಮ್ಮನಿಗೆ ನೆಪ ಹುಡುಕುವ ಕಷ್ಟವಿರಲಿಲ್ಲ.

“ಆಚೆ ಕಡೆ ಎಂಟು ಮೋಟಾರು, ಈಚೆ ಕಡೆ ನನ್ನ ಗ್ಯಾಸು, ನಡೂಲಿ ಹತ್ತಿ ಚೂರು. ಒಂದು ಕಿಡಿ ಬಿದ್ರೆ ಸಾಕು, ನನ್ನ ಬೇರೆ ಸುಡಬೇಕಾಗಿಲ್ಲ,” ಎಂದಳು. ಹತ್ತಿಯ ಧೂಳಿಗೆ ಬೆಂಕಿ ಹತ್ತಿದರೆ ಶೆಡ್ಡು ಏನಾಗುತ್ತದೆಂದು ಬಲ್ಲ ಪಳನಿಸಾಮಿ ಥಟ್ಟನೆ ಬಾಯಿ ಮುಚ್ಚಿದ. ಆ ಕ್ಷಣವನ್ನು ಬಿಡದೆ ಅವಳು, ಕಲ್ಲಿನಿಂದ ಮಾಡಿದ ಉಣ್ಣೆಯೊಂದಿದೆ, ಅದಕ್ಕೆ ಬೆಂಕಿಯೇ ಹತ್ತುವುದಿಲ್ಲ ಎಂದು ಇಂದುಜಾಳ ಮಾತನ್ನು ಅರ್ಧ ಕತ್ತರಿಸಿ ಒಪ್ಪಿಸಿದಳು. ಸದ್ದಿನ ವಿಷಯ ಎತ್ತಲೇ ಇಲ್ಲ. ಅವನು ಅವಳ ಮುಖವನ್ನೇ ನೋಡುತ್ತಾ, ಅದೇ ಆಗಲಿ ಎಂದ.

ಕೆಲಸ ಶುರುವಾದ ಮೇಲೆ ಒಂದೇ ತಕರಾರು ಉಳಿದಿತ್ತು. ಗೋಡೆಯ ನಡುವೆ ಒಂದು ಕಿಂಡಿ. ಅದರೊಳಗಿಂದಲೇ ದಿನವೂ ಶೆಡ್ಡಿನವರಿಗೆ ಟೀ ದಾಟಿಸುವುದು. ಆ ಕಿಂಡಿ ಹಾಗೇ ಇದ್ದರೆ ರಾಕ್‌ವೂಲೂ ದಂಡ, ಅವಳ ತಂತ್ರವೂ ದಂಡ. ಅದರಿಂದಲೇ ಬಿಸಿಗಾಳಿ ನುಗ್ಗುವುದು, ಮುಚ್ಚಿಸಿ ಎಂದಳು. ಶೆಡ್ಡಿನ ಹಳೆಯ ಆಳು ಲಿಂಗಪ್ಪನ್ ಟೀ ಹೋಯಿತಲ್ಲ ಎಂದು ಸತ್ತವರ ಮನೆಯಲ್ಲಿ ಕೂತಂತೆ ಕೂತ. ಪಳನಿಸಾಮಿ ಮಾತ್ರ ತಾನೇ ಇಟ್ಟಿಗೆ ಎತ್ತಿಕೊಟ್ಟು ಕಿಂಡಿ ಮುಚ್ಚಿಸಿದ. ಕಣ್ಣಮ್ಮನಿಗೆ ಮತ್ತೆ ಅನುಮಾನ ಬಂತು. ಆದರೆ ಗೆಲ್ಲುತ್ತಿರುವವರು ಹೆಚ್ಚು ಕೆದಕುವುದಿಲ್ಲ, ಅವಳೂ ಕೆದಕಲಿಲ್ಲ.

ಬಣ್ಣ ಒಣಗಿದ ದಿನ ಅಡುಗೆಮನೆಯಲ್ಲಿ ನಿಂತರೆ ಒಗ್ಗರಣೆಯ ಸಾಸಿವೆ ಸಿಡಿಯುವುದು ಕೇಳಿಸಿತು. ಆ ಮನೆಯಲ್ಲಿ ಸಾಸಿವೆಗೂ ಸದ್ದಿದೆ ಎಂದು ಅವಳಿಗೆ ತಿಳಿದದ್ದೇ ಅಂದು. ಗೋಡೆಗೆ ಕಿವಿ ಒತ್ತಿದಳು. ದೂರದಲ್ಲೆಲ್ಲೋ ಯಾರೋ ಗೊಣಗಿದ ಹಾಗೆ, ಅಷ್ಟೇ. ಸಂತೋಷಕ್ಕೆ ಅವಳ ಕಣ್ಣಲ್ಲಿ ನೀರು ಬಂತು. ಅಕ್ಕಿಬೇಳೆ ಅನ್ನ ಮಾಡಿ, ಮೇಲೆ ತುಪ್ಪ ಸುರಿದು, ಗಂಡನನ್ನು ಊಟಕ್ಕೆ ಕೂರಿಸಿದಳು. ಅವನು ಎಂದಿನಂತೆ ಗೋಡೆಗೆ ಮುಖ ಮಾಡಿ ನೆಲದ ಮೇಲೆ ಕೂತ. ಅವಳು ಒಲೆಯ ಹತ್ತಿರ ನಿಂತು, ಮದುವೆಯಾದಾಗಿನಿಂದ ಬಳಸದೆ ಇಟ್ಟಿದ್ದ ಮೆಲುದನಿಯನ್ನು ಹೊರಗೆ ತೆಗೆದಳು.

“ಏನುಂಗ, ಧರಣಿ ಮನೆಗೆ ಹೋಗಿ ನಾಲ್ಕು ದಿವಸ ಇದ್ದು ಬರಾಣ್ವಾ, ಇಬ್ರೂ?”

ಅವನು ಇನ್ನೊಂದು ತುತ್ತು ಬಾಯಿಗಿಟ್ಟ. ತುಪ್ಪ ಹೆಚ್ಚಾಗಿ ಬಾಯಿ ಕಟ್ಟಿರಬೇಕು ಎಂದು ಅವಳು ಇನ್ನೊಮ್ಮೆ ಕೇಳಿದಳು. ಆಗ ಅವನು ತಟ್ಟನೆ ಕತ್ತೆತ್ತಿದ. ಕೇಳಿಸಿತು ಎಂದುಕೊಂಡಳು ಕಣ್ಣಮ್ಮ. ಅವನು ತಟ್ಟೆ ಬಿಟ್ಟು ಎದ್ದು ಶೆಡ್ಡಿನ ಕಡೆ ಓಡಿದ. ಹಿಂದೆಯೇ ಹೋಗಿ ಶೆಡ್ಡಿನ ಬಾಗಿಲಲ್ಲಿ ಬಗ್ಗಿ ನೋಡಿದರೆ ಮೂರನೆಯ ಮಗ್ಗ ನಿಜವಾಗಿಯೂ ನಿಂತಿತ್ತು.

ಅವಳಿಗೆ ಮೈಯೆಲ್ಲ ಉರಿಯಿತು. ಒಳಗೆ ಬಂದು ಗೋಡೆಗೆ ಮತ್ತೆ ಕಿವಿ ಕೊಟ್ಟಳು, ಅದೇ ಗೊಣಗು ಬಿಟ್ಟರೆ ಏನೂ ಇಲ್ಲ. ಹಾಗಾದರೆ ಇವನಿಗೆ ಮಾತ್ರ ಹೇಗೆ ಕೇಳಿಸಿತು? ಇಂದುಜಾಳನ್ನೂ ಅವಳ ಕಂಪನಿಯನ್ನೂ ಬೈದುಕೊಳ್ಳುತ್ತಾ, ಅವನು ಕೂತಿದ್ದ ಜಾಗದಲ್ಲೇ ಧೊಪ್ಪನೆ ಕುಕ್ಕರಿಸಿದಳು. ಕೂತ ಕೂಡಲೇ ತೊಡೆಯಡಿ ನೆಲ ಸಣ್ಣಗೆ ನಡುಗುತ್ತಿರುವುದು ತಿಳಿಯಿತು. ಅಂಗೈ ಊರಿದಳು. ಮಗ್ಗಗಳು ಒಂದೊಂದೂ ಬೇರೆ ಬೇರೆಯಾಗಿ ಅಂಗೈಗೆ ತಾಗಿದವು. ಗೋಡೆಗೆ ಹೊದಿಕೆ ಹೊದಿಸಿದ್ದಳು, ಆದರೆ ನೆಲದಡಿಯ ಪಾಯವೂ ಒಂದೇ. ಅವನು ಇಷ್ಟು ವರ್ಷ ಕೇಳಿಸಿಕೊಂಡದ್ದು ಕಿವಿಯಿಂದ ಅಲ್ಲವೇನೋ ಎಂಬ ಯೋಚನೆ ಆಗ ಮೊದಲ ಸಲ ಅವಳಿಗೆ ಬಂತು.

ಪಳನಿಸಾಮಿ ಮರಳಿ ಬಂದು ಕೂತು, ಆರಿದ ಅನ್ನಕ್ಕೆ ಕೈ ಹಾಕಿದ. ಕಣ್ಣಮ್ಮ ಅವನ ಬೆನ್ನ ಹಿಂದೆ ನಿಂತಳು.

“ಸಾರು ಬೇಕಾ?” ಎಂದಳು. ಅವನು ಅಗಿಯುತ್ತಿದ್ದ.

“ಗೂಬೆ,” ಎಂದಳು. ಅವನು ಅಗಿಯುತ್ತಿದ್ದ.

“ಕತ್ತೆ. ಅಪ್ಪನ ಹಾಗೆ ಜುಗ್ಗ. ಮದುವೆ ದಿನ ನಿನ್ನ ಮೀಸೆ ನೋಡಿ ನನಗೆ ನಗು ಬಂದಿತ್ತು, ಗೊತ್ತಾ? ನಿನ್ನ ಗೊರಕೆಗಿಂತ ಮಗ್ಗವೇ ವಾಸಿ.” ಗಂಡನಿಗೆ ಅವಳು ಏಕವಚನ ಬಳಸಿದ್ದು ಅದೇ ಮೊದಲು. ಒಂದು ಕ್ಷಣ ಅವಳಿಗೆ ಹಿತವಾಗಿಯೇ ಇತ್ತು. ಅವನು ಉಪ್ಪಿನಕಾಯಿಗೆ ಬೆರಳು ಅದ್ದಿದ.

ಕೊನೆಗೆ ಅವಳು ಅವನ ಹೆಸರು ಹಿಡಿದು ಕರೆದಳು. ಗಂಡನ ಹೆಸರು ಬಾಯಲ್ಲಿ ಬರಬಾರದೆಂದು ಪಳನಿ ಊರನ್ನೇ ‘ಮುರುಗನ ಬೆಟ್ಟ’ ಎಂದು ತಪ್ಪಿಸಿ ಹೇಳುತ್ತಿದ್ದ ಹೆಂಗಸು. “ಪಳನಿಸಾಮಿ,” ಎಂದಳು. ಮತ್ತೆ ಕರೆದಳು. ಮೂರನೆಯ ಸಲ ದನಿ ಒಡೆದುಹೋಯಿತು. ಕೇಳಿಸಿಕೊಳ್ಳದವನು ಎಂದು ಎಷ್ಟು ವರ್ಷದಿಂದ ಶಾಪ ಹಾಕಿದ್ದಳೋ ಅವನಿಗೆ ಕೇಳಿಸುತ್ತಲೇ ಇರಲಿಲ್ಲ. ಅವಳಿಗೆ ಅಳು ತಡೆಯಲಾಗಲಿಲ್ಲ.

ಮಜ್ಜಿಗೆಗೆಂದು ಹಿಂದೆ ತಿರುಗಿದ ಪಳನಿಸಾಮಿ ಅಳುತ್ತಿದ್ದ ಹೆಂಡತಿಯನ್ನು ಕಂಡು ಗಾಬರಿಯಾದ. “ಏನಾಯ್ತು? ಗ್ಯಾಸಾ?” ಎಂದ.

ಅವಳು ಮುಂದೆ ಬಂದು ಕೂತು, ಅವನ ಗಲ್ಲ ಹಿಡಿದಳು. “ನಿಮ್ಮ ಕಿವಿ ಕೇಳ್ತದಾ?”

ಅವನ ಕಣ್ಣು ಅವಳ ತುಟಿಯ ಮೇಲಿತ್ತು. ಶೆಡ್ಡಿನಲ್ಲಿ ಎಲ್ಲರೂ ಹೀಗೇ ತುಟಿ ನೋಡಿಯೇ ಮಾತು ತಿಳಿಯುವುದು. ಮನೆಯಲ್ಲೂ ಅದೇ ನಡೆದಿದೆ ಎಂದು ಅವಳಿಗೆ ಹೊಳೆದಿರಲಿಲ್ಲ.

“ಎದುರಿಗೆ ಕೂಗಿದ್ರೆ ಒಂದಷ್ಟು. ಹಿಂದೆ ನಿಂತು ಆಡಿದ್ದು ಏನೂ ಇಲ್ಲ,” ಎಂದ.

“ಯಾವಾಗಿಂದ?”

“ಧರಣಿ ಸ್ಕೂಲಿಗೆ ಹೋಗೋವಾಗಿಂದ ಅಂದ್ಕೋ. ಮಗ್ಗದ ಓನರಿಗೇ ಮಗ್ಗ ಕೇಳ್ಸಲ್ಲ ಅಂದ್ರೆ ನೂಲಿನವನು ನಗಲ್ವಾ? ಅದ್ಕೆ ಹೇಳಲಿಲ್ಲ.”

“ಲಿಂಗಪ್ಪನ್‌ಗೆ ಗೊತ್ತಾ?”

“ಅವನಿಗೆ ನನಗಿಂತ ಮೊದಲೇ ಹೋಯ್ತು.”

ಕಣ್ಣಮ್ಮ ಅಳುತ್ತಲೇ ನಕ್ಕುಬಿಟ್ಟಳು. ಆಮೇಲೆ ಸಿಟ್ಟು ಬಂತು. “ಮತ್ತೆ ನಾ ಹೇಳಿದ್ದಕ್ಕೆಲ್ಲ ಹೂಂ ಹೂಂ ಅಂತಿದ್ರಲ್ಲ?”

“ಹೂಂ ಅಂದ್ರೆ ನೀ ನಿಲ್ಲಿಸ್ತೀಯ.”

“ಉಹೂಂ ಅಂದಿದ್ರೆ?”

“ಮೊದಲಿಂದ ಶುರು ಮಾಡ್ತೀಯ.”

ಅವಳು ಅವನ ಭುಜಕ್ಕೆ ಒಂದು ಏಟು ಕೊಟ್ಟಳು. ಅವನು ತಟ್ಟೆಯ ಅಂಚನ್ನು ಬೆರಳಿಂದ ಒರೆಸುತ್ತಾ, ತಡೆದು ತಡೆದು ಹೇಳಿದ. “ಕಿವಿ ಹೋಗಿಲ್ಲ, ಮಗ್ಗದ ಸದ್ದು ತುಂಬ್ಕೊಂಡು ಕಟ್ಟಿದೆ ಅಂದ್ಕೊಂಡಿದ್ದೆ ನಾನು. ಗೋಡೆ ಮುಚ್ಚಿದ್ರೆ, ಉಣ್ಣೋ ಹೊತ್ತಲ್ಲಾದ್ರೂ ಅದು ಇಳಿದು ಹೋಗಿ, ನಿನ್ನ ದನಿ ಬರ್ತದೆ ಅಂತ. ಅದ್ಕೆ ನೀ ಕೇಳಿದ ತಕ್ಷಣ ಸೆರಿ ಅಂದೆ.”

“ಸೂಡಿಗೆ ಅಂತ ಅಲ್ವಾ?”

“ಸೂಡಾ? ಇಷ್ಟು ವರ್ಷ ತಗಡಿನಡಿ ನಿಂತವನಿಗೆ ಗೋಡೆ ಸೂಡೇನು?” ಎಂದು ಅವನು ತಲೆ ಅಲ್ಲಾಡಿಸಿದ. “ಇವತ್ತು ಬಂದು ಕೂತು ಕಾದೆ. ಕಿವಿ ಒಳಗೆ ಒಂದು ಸಿಳ್ಳೆ ಕೇಳ್ತು. ನಿನ್ನ ದನಿ ಬರಲೇ ಇಲ್ಲ.”

ಒಂದೇ ಗೋಡೆಯನ್ನು ಒಂದೇ ಆಸೆಗೆ, ಒಬ್ಬರಿಗೊಬ್ಬರು ಹೇಳದೆ ಇಬ್ಬರೂ ಕಟ್ಟಿಸಿದ್ದರು. ಎಂಥ ಪೆದ್ದರಪ್ಪ ನಾವು ಎಂದುಕೊಂಡಳು ಕಣ್ಣಮ್ಮ. ಕೊಯಮತ್ತೂರಿಗೆ ಹೋಗಿ ಕಿವಿ ಡಾಕ್ಟರಿಗೆ ತೋರಿಸುವುದೆಂದು ಅಲ್ಲೇ ಒಪ್ಪಿಸಿದಳು. ಅವನು ಹೂಂ ಎಂದ. ಅವಳು ಗಲ್ಲ ಹಿಡಿದು, ಹೇಳಿದ್ದನ್ನು ಅವನ ಬಾಯಿಂದಲೇ ಹೇಳಿಸಿ, ತಿಳಿದಿದೆ ಎಂದು ಖಾತ್ರಿ ಮಾಡಿಕೊಂಡಳು.

ಮಾರನೆಯ ಮಧ್ಯಾಹ್ನ ಅವನಿಗೆ ಬಡಿಸಿ, ಅವಳು ತನಗೂ ಒಂದು ತಟ್ಟೆ ಹಾಕಿಕೊಂಡಳು. ಗಂಡಸು ಉಂಡು ಎದ್ದ ಮೇಲೆ ಉಣ್ಣುವುದು ಆ ಮನೆಯ ಹೆಂಗಸರ ರೂಢಿ. ಅವಳ ಅತ್ತೆ ಸಾಯುವವರೆಗೂ ಹಾಗೇ ಉಂಡವಳು. ಕಣ್ಣಮ್ಮ ತಟ್ಟೆ ತಂದು, ಹೊಸ ಗೋಡೆಗೆ ಬೆನ್ನು ಕೊಟ್ಟು, ಗಂಡನ ಎದುರಿಗೆ ಕೂತಳು. ಅವನು ಕೈಯಲ್ಲಿ ತುತ್ತು ಹಿಡಿದು ಅವಳ ಬಾಯಿಯನ್ನೇ ನೋಡುತ್ತಾ ಕೂತ.

ಇಷ್ಟು ವರ್ಷ ಕೂಡಿಟ್ಟ ಮಾತೆಲ್ಲ ಎಲ್ಲಿ ಹೋಯಿತೋ. ಅವನು ಹಾಗೆ ಕಣ್ಣು ಕೀಳದೆ ನೋಡುತ್ತಿದ್ದರೆ ಅವಳಿಗೆ ಅಗಿಯಲೂ ನಾಚಿಕೆಯಾಯಿತು. “ಏನ್ ಹಿಂಗ್ ನೋಡ್ತೀರಿ?” ಎಂದಳು.

“ನೋಡದೆ ಹೆಂಗೆ ಕೇಳೋದು?” ಎಂದ ಅವನು.

ಅವಳು ಬಾಯಿ ತೆರೆಯುವಷ್ಟರಲ್ಲಿ ತೊಡೆಯಡಿಯ ನಡುಕ ಒಂದಿಷ್ಟು ಬದಲಾಯಿತು. ಈಗ ಅವಳಿಗೂ ತಿಳಿಯುತ್ತಿತ್ತು, ಒಂದು ಮಗ್ಗ ನಿಂತಿದೆ. ಪಳನಿಸಾಮಿಯ ಮಂಡಿ ತಾನಾಗಿ ಮೇಲೆದ್ದಿತು, ಎಡಗೈ ನೆಲಕ್ಕೆ ಊರಿತು. ಕಣ್ಣಮ್ಮ ತನ್ನ ತಟ್ಟೆಯ ಕಡೆ ತಲೆ ತಗ್ಗಿಸಿದಳು.

ಅವನು ಆ ಕೈಯನ್ನು ನಿಧಾನವಾಗಿ ನೆಲದಿಂದ ತೆಗೆದು, ಅವಳ ಗಲ್ಲವನ್ನು ಮೇಲಕ್ಕೆತ್ತಿದ.

“ಲಿಂಗಪ್ಪನ್ ನೋಡ್ಕೋತಾನೆ,” ಎಂದ. “ನೀ ಹೇಳು.”